ಪುಂಡಿಪಲ್ಯವನ್ನು ಕಾಯ್ದಿಡುವ ಬಗೆ

ಗೃಹಿಣಿಯ ಜಾಣತನವು ಅಡಿಗೆ ಮಾಡುವುದರಲ್ಲಿ ಎಷ್ಟು ತೋರುತ್ತದೆಯೋ, ಇದ್ದ ಪದಾರ್ಥವನ್ನು ಇಲ್ಲದ ಕಾಲಕ್ಕೆ ಕಾಯ್ದಿಡುವುದರಲ್ಲಿಯೂ ಅಷ್ಟೇ ತೋರುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಬಾಳಿದ ನಮ್ಮ ಹಿರಿಯರು ಆ ಬಿಸಿಲನ್ನೇ ಉಗ್ರಾಣದ ಕಾವಲಿಗೆ ನಿಲ್ಲಿಸಿದ್ದರು. ಸಂಡಿಗೆಯೂ ಬಾಳಕದ ಮೆಣಸಿನಕಾಯಿಯೂ ಮಾಳಿಗೆಯ ಮೇಲೆ ಒಣಗಿ ವರ್ಷವಿಡೀ ಒದಗುತ್ತಿದ್ದುವು. ಪುಂಡಿಪಲ್ಯ ಮಾತ್ರ ಬಿಸಿಲಿಗೆ ಒಗ್ಗದು. ಒಣಗಿದ ಎಲೆಯಲ್ಲಿ ಹುಳಿ ಉಳಿದರೂ ಎಳೆತನ ಉಳಿಯದು.

ಆಂಗ್ಲರ ಮನೆಗಳಲ್ಲಿ ರೂಬಾರ್ಬ್ ಎಂಬ ಹುಳಿಯಾದ ಕೆಂಪು ದಂಟೊಂದುಂಟು. ಅದರ ಎಲೆ ವಿಷ, ದಂಟು ಆಹಾರ. ದಾಸವಾಳದ ಕುಲಕ್ಕೆ ಸೇರಿದ ನಮ್ಮ ಪುಂಡಿಯದು ಇದಕ್ಕೆ ವಿರುದ್ಧ. ಎಲೆ ಆಹಾರ, ಕಾಂಡ ಹಗ್ಗದ ನಾರು. ಅವರು ಆ ದಂಟನ್ನು ಫ್ರೀಜರಿನಲ್ಲಿ ಕಾಯ್ದಿಡುವ ಕ್ರಮವು ಅಲ್ಪ ಭೇದದಿಂದ ನಮ್ಮ ಎಲೆಗೂ ಸಲ್ಲುತ್ತದೆ. ಲ್ಯಾಬ್ರಡಾರಿನ ಕಡುಚಳಿಯಲ್ಲಿ ಹಿಡಿದೊಡನೆ ಹೆಪ್ಪುಗಟ್ಟಿದ ಮೀನು ಬಹುಕಾಲದ ಮೇಲೂ ರುಚಿಗೆಡದಿರುವುದನ್ನು ಕಂಡ ಅಮೇರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬವರು ಶೀಘ್ರವಾಗಿ ಹೆಪ್ಪುಗಟ್ಟಿಸುವ ವಿಧಾನವನ್ನು ರೂಢಿಗೆ ತಂದರು. ಅಂತಹ ಆಹಾರವು 1930ರಲ್ಲಿ ಅಲ್ಲಿಯ ಅಂಗಡಿಗಳಿಗೆ ಬಂದಿತು.

ಪಾರ್ವತಿನಗರದ ನಮ್ಮ ಮನೆಯಲ್ಲಿ ಇದಕ್ಕೆ ಸುಲಭವಾಗಿ ಒಪ್ಪಿಗೆ ದೊರೆಯಲಿಲ್ಲ. “ತಿಂಗಳು ಕಳೆದದ್ದು ತಂಗಳಲ್ಲದೆ ಮತ್ತೇನು?” ಎಂದರು ಅತ್ತೆಯವರು. ಆ ವೈಶಾಖದಲ್ಲಿ ಅವರು ಜ್ವರದಿಂದ ಎದ್ದು, ಬಾಯಿರುಚಿ ಕೆಟ್ಟು, ಗಂಜಿಯನ್ನೂ ದೂರ ಸರಿಸಿದರು. ನಾಲ್ಕು ದಿನ ಹೀಗೆಯೇ ಕಳೆಯಲು ಮನೆಮಂದಿಯೆಲ್ಲ ಕಳವಳಗೊಂಡೆವು. ಪೇಟೆಯಲ್ಲಿ ಒಳ್ಳೆಯ ಪುಂಡಿ ಸಿಕ್ಕಲಿಲ್ಲ. ಕಾಯ್ದಿಟ್ಟಿದ್ದನ್ನು ತೆಗೆದು, ಜೋಳದ ನುಚ್ಚಿನೊಡನೆ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಮೆತ್ತನೆಯ ರೊಟ್ಟಿಯೊಡನೆ ಬಡಿಸಿದೆವು. ಎರಡು ತುತ್ತು ಉಂಡು, “ಇದು ಎಂದಿನ ಪಲ್ಯ?” ಎಂದು ಕೇಳಿದರು. “ಮಾಘದ್ದು, ಅತ್ತೆ” ಎಂದೆವು. ಅವರು ಮಾತಾಡದೆ ತಟ್ಟೆಯನ್ನು ಮುಂದಕ್ಕೆ ಸರಿಸಿದರು, ಇನ್ನಷ್ಟು ಬಡಿಸಿದೆವು.

ವಾಚಕ ಸೋದರಿಯರಿಗೆ ಕ್ರಮವನ್ನು ಹೇಳುವೆವು. ಬಲಿತ ಎಲೆಗಳನ್ನು ಬಿಟ್ಟು ಎಳೆಯವನ್ನು ಬಿಡಿಸಿ, ಮಣ್ಣು ಹೋಗುವವರೆಗೆ ತೊಳೆಯಬೇಕು. ಕುದಿಯುವ ನೀರಿನಲ್ಲಿ 2 ನಿಮಿಷ ಅದ್ದಿ, ಕೂಡಲೆ ತಣ್ಣೀರಿಗೆ ಹಾಕಬೇಕು. ಬಣ್ಣವನ್ನೂ ರುಚಿಯನ್ನೂ ಕೆಡಿಸುವ ಎಂಜೈಮುಗಳು ಆ ಬಿಸಿಗೆ ಅಡಗುವುವು. ಹುಳಿಗೆ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆ ಸಲ್ಲದು. ನೀರು ಹಿಂಡಿ, ಒಂದು ಹೊತ್ತಿಗೆ ಸಾಕಾಗುವಷ್ಟನ್ನೇ ಚೀಲಕ್ಕೆ ತುಂಬಿ, ಗಾಳಿಯನ್ನು ಹೊರದೂಡಿ, ತಾರೀಖು ಬರೆದು, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿಡಬೇಕು. ಅಡಿಗೆಯ ಹೊತ್ತಿಗೆ ಕರಗಿಸದೆಯೇ ಪಾತ್ರೆಗೆ ಹಾಕಬಹುದು.

ವಿದ್ಯುತ್ತು ಹೋದಾಗ ಬಾಗಿಲನ್ನು ತೆರೆಯದಿರುವುದು ಲೇಸು. ಕರಗಿ ಬೆಚ್ಚಗಾದ ಸೊಪ್ಪನ್ನು ಮೋಹವಿಲ್ಲದೆ ಬಿಸುಡಬೇಕು. ಮೂತ್ರಪಿಂಡದ ಕಲ್ಲಿನ ಬಾಧೆಯುಳ್ಳವರು ಈ ಪಲ್ಯವನ್ನು ವೈದ್ಯರನ್ನು ಕೇಳಿ ಉಣ್ಣಲಿ. ತಾಜಾ ಪುಂಡಿ ದೊರೆಯುವಾಗ ತಾಜಾ ಪುಂಡಿಯೇ ಶ್ರೇಷ್ಠ. ದೊರೆಯದ ದಿನಗಳೂ ವರ್ಷದಲ್ಲಿ ಬರುವುವಷ್ಟೆ. ಸುಗ್ಗಿಯಲ್ಲಿ ಒಂದು ಸಂಜೆ ದುಡಿದವಳಿಗೆ ಆ ದಿನಗಳ ಚಿಂತೆ ಕಡಿಮೆ.