ಗುಂಪು ಕರಗಿ ಒಬ್ಬ ಉಳಿದ

1950ರ ದಶಕದ ಆರಂಭ. ಮುಂಬಯಿಯ ಬೋರಿಬಂದರ್, ವಿಕ್ಟೋರಿಯಾ ಟರ್ಮಿನಸ್ ಎದುರಿನ ಟೈಮ್ಸ್ ಆಫ್ ಇಂಡಿಯಾ ಕಚೇರಿ. ಒಳಗೆ ಬನ್ನಿ. ಆದರೆ ಮಾತಾಡಿಸಬೇಡಿ, ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಕುಂಚ ಹಿಡಿದು ಕೂತಿದ್ದಾರೆ, ನಾಳೆಯ ಪತ್ರಿಕೆ ಕಾಯುತ್ತಿದೆ.

ಕಾಗದದ ಮೇಲೆ ರಾಜಕಾರಣಿ ಸಿದ್ಧ. ಇನ್ನು ಕೇಳುವ ಜನ ಬೇಕು. ಭಾರತ ಅಂದಮೇಲೆ ಬಂಗಾಳಿ, ಪಂಜಾಬಿ, ತಮಿಳ, ಮರಾಠಿ ಎಲ್ಲರೂ ಬರಬೇಕಲ್ಲ! ಒಬ್ಬೊಬ್ಬರ ಪೇಟ, ಪಂಚೆ, ಮೀಸೆ ಬರೆಯುವಷ್ಟರಲ್ಲಿ ಗಡಿಯಾರ ಓಡುತ್ತದೆ. ದಿನದಿಂದ ದಿನಕ್ಕೆ ಗುಂಪು ಕರಗುತ್ತಾ ಬರುತ್ತದೆ: ಹತ್ತು ಮಂದಿ ಇದ್ದಲ್ಲಿ ಐವರು, ಐವರಿದ್ದಲ್ಲಿ ಇಬ್ಬರು. ಕೊನೆಗೆ ಉಳಿದವನನ್ನು ನೋಡಿ. ಬೋಳುತಲೆ, ಕಿವಿಯ ಮೇಲೆ ಎರಡು ಕುಚ್ಚು ಕೂದಲು, ದುಂಡು ಕನ್ನಡಕ, ಪೊದೆ ಮೀಸೆ, ಚೌಕಳಿ ಕೋಟು, ಪಂಚೆ. ಯಾವ ಊರಿನವನೆಂದು ಹೇಳಲಾಗದು. ಎಲ್ಲ ಊರಿನಲ್ಲೂ ಇರುವವನು. 1951ರಲ್ಲಿ ಶುರುವಾದ ‘ಯು ಸೆಡ್ ಇಟ್’ ವ್ಯಂಗ್ಯಚಿತ್ರದ ಪುಟ್ಟ ಚೌಕದಲ್ಲಿ ಈ ಶ್ರೀಸಾಮಾನ್ಯನಿಗೆ ಖಾಯಂ ಜಾಗ ಸಿಕ್ಕಿತು.

ಅವನನ್ನು ಬರೆದ ಲಕ್ಷ್ಮಣರ ಕೈ ಪಳಗಿದ್ದು ಮೈಸೂರಿನ ಗೋಡೆ, ನೆಲಗಳ ಮೇಲೆ. ಹುಡುಗನಿಗೆ ಕಾಗೆಯೆಂದರೆ ಪ್ರಾಣ, ಬರೆದಷ್ಟೂ ಸಾಲದು. ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರತಿಭೆ ಸಾಲದೆಂದು ಬಾಗಿಲು ಹಾಕಿತು. ಹುಡುಗ ಮಹಾರಾಜ ಕಾಲೇಜು ಸೇರಿದ. ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ‘ದಿ ಹಿಂದೂ’ದಲ್ಲಿ ಚಿತ್ರ, ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಯಲ್ಲಿ ವ್ಯಂಗ್ಯಚಿತ್ರ. ಆಮೇಲೆ ಫ್ರೀ ಪ್ರೆಸ್ ಜರ್ನಲ್. ಅಲ್ಲಿನ ಸಹೋದ್ಯೋಗಿ ವ್ಯಂಗ್ಯಚಿತ್ರಕಾರ ಬಾಳ್ ಠಾಕ್ರೆ!

ಈಗ 1975ಕ್ಕೆ ಬನ್ನಿ. ತುರ್ತು ಪರಿಸ್ಥಿತಿ. ಪತ್ರಿಕೆಗಳ ಮೇಲೆ ಸೆನ್ಸಾರ್ ಕತ್ತರಿ. ವಾರ್ತಾ ಸಚಿವ ವಿ.ಸಿ. ಶುಕ್ಲಾ ಲಕ್ಷ್ಮಣರಿಗೂ ಎಚ್ಚರಿಕೆ ಕೊಡುತ್ತಾರೆ. ಯಾರ ಮೂಗು ಎಷ್ಟುದ್ದ ಬರೆಯಬೇಕೆಂಬುದಕ್ಕೂ ದಿಲ್ಲಿಯ ಅಪ್ಪಣೆ ಬೇಕೆನ್ನುವಂಥ ಕಾಲ.

ಮಂತ್ರಿಗಳ ಭಾಷಣ, ಉದ್ಘಾಟನೆ, ಅಧಿಕಾರಿಗಳ ಪಿಸುಮಾತು: ಇಷ್ಟು ವರ್ಷ ಶ್ರೀಸಾಮಾನ್ಯ ಎಲ್ಲದರ ನಡುವೆ ನಿಂತವನು, ಬಾಯಿ ಬಿಟ್ಟವನಲ್ಲ. ಮಾತಾಡಿದರೆ ಆ ಮಾತಿಗೆ ಕತ್ತರಿ ಹಾಕಬಹುದಿತ್ತು. ಕಣ್ಣರಳಿಸಿ ಸುಮ್ಮನೆ ನೋಡುವವನ ಯಾವ ಸಾಲನ್ನು ಕತ್ತರಿಸುತ್ತೀರಿ?