ಬಿನ್ನಿಪೇಟೆಯ ‘ನಮ್ಮ ಮಿಲ್ಲು’

ಬೆಂಗಳೂರಿಗೆ ಹೋದವರು ಲಾಲ್‌ಬಾಗು, ವಿಧಾನಸೌಧ ನೋಡಿಕೊಂಡು, ಚಿಕ್ಕಪೇಟೆಯಲ್ಲಿ ಒಂದೆರಡು ಸೀರೆ ಕೊಂಡು ಬರುವುದು ವಾಡಿಕೆ. ನಾನು ಬಿನ್ನಿಪೇಟೆ ನೋಡಿ ಬಂದೆ ಅಂದಾಗ ನಮ್ಮ ತಿಪಟೂರಿನ ನೆರೆಮನೆಯವರು “ಅಲ್ಲೇನಿದೆ ನೋಡೋಕೆ?” ಅಂತ ನಕ್ಕರು. ನಗಲಿ ಬಿಡಿ. ಆದರೆ ನಿಮ್ಮ ಮನೆಯ ಹಳೇ ಟ್ರಂಕಿನ ತಳದಲ್ಲಿ ಅಮ್ಮನದೋ ಅತ್ತೆಯದೋ ಒಂದು ಬಿನ್ನಿ ಸಿಲ್ಕ್ ಸೀರೆ ಇದ್ದರೆ, ಅದರ ತವರೂರು ಯಾವುದು ಅಂತ ತಿಳಿಯುವ ಆಸೆ ನಿಮಗಾದರೂ ಇದ್ದೀತು.

ಹೋಗುವುದು ಸುಲಭ. ರೈಲಿನಲ್ಲಿ ಸಿಟಿ ಸ್ಟೇಷನ್ನಿಗೆ ಬಂದು ಇಳಿದು, ಅಲ್ಲೇ ಮೆಟ್ರೋ ಹತ್ತಿದರೆ ಮುಂದಿನ ನಿಲ್ದಾಣವೇ ಮಾಗಡಿ ರಸ್ತೆ. ಕೂತ ಜಾಗ ಬಿಸಿಯಾಗುವ ಮೊದಲೇ ಇಳಿಯಬೇಕು. ಅಲ್ಲಿಂದ ಆಟೋದವನಿಗೆ ಬಿನ್ನಿಪೇಟೆ ಅಂದರೆ ಸಾಕು. ಗಲ್ಲಿಗಳು ಕಿರಿದು, ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಒಂದು ಬಾಗಿಲಲ್ಲಿ ತಮಿಳು, ಇನ್ನೊಂದರಲ್ಲಿ ಉರ್ದು, ಮುಂದಿನದರಲ್ಲಿ ನಮ್ಮ ಕನ್ನಡ. ಕೆಲಸ ಹುಡುಕಿಕೊಂಡು ನಾಲ್ಕೂ ದಿಕ್ಕಿನಿಂದ ಬಂದವರ ಊರು ಅಂತ ಮಾತಿನಲ್ಲೇ ಗೊತ್ತಾಗುತ್ತದೆ.

ಆ ಕೆಲಸ ಕೊಟ್ಟದ್ದು ಮಿಲ್ಲು. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಅಂತ ಉದ್ದನೆಯ ಹೆಸರು. 1880ರ ದಶಕದಲ್ಲಿ ಶುರುವಾಗಿ, ಮದರಾಸಿನ ಬಿನ್ನಿ ಕಂಪನಿಯ ಕೈಗೆ ಬಂತು. ಜನ ಉದ್ದನೆಯ ಹೆಸರು ಬಿಟ್ಟು ‘ಬಿನ್ನಿ ಮಿಲ್’ ಅಂದರು. ಪೇಟೆಗೂ ಅದೇ ಹೆಸರು ಅಂಟಿಕೊಂಡಿತು. ಹತ್ತಿ, ಉಣ್ಣೆ, ರೇಷ್ಮೆ ಮೂರೂ ಒಂದೇ ಕಡೆ! ಈಗ ಹೋಗಿ ನೋಡಿದರೆ ಯಂತ್ರವೂ ಇಲ್ಲ, ಸದ್ದೂ ಇಲ್ಲ. ಮಿಲ್ಲಿನ ಜಾಗದಲ್ಲಿ ಮಾಲ್ ಬಂದಿದೆ, ಕತ್ತೆತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರದ ಅಪಾರ್ಟ್‌ಮೆಂಟುಗಳು ಬಂದಿವೆ. ಮಾಲ್ ಒಳಗೂ ಹೋಗಿ ಬಂದೆ. ತಂಪಾಗಿತ್ತು. ಅಷ್ಟೇ.

ನಾನು ಹೋದದ್ದು ನಮ್ಮ ದೊಡ್ಡಮ್ಮನ ಮನೆಗೆ. ದೊಡ್ಡಪ್ಪ ಈ ಸುತ್ತಿನ ಒಂದು ಮಿಲ್ಲಿನಲ್ಲೇ ಮಗ್ಗದ ಖಾತೆಯಲ್ಲಿ ದುಡಿದು ಕೂದಲು ಬೆಳ್ಳಗೆ ಮಾಡಿಕೊಂಡವರು. ಮಗ್ಗಗಳ ಸದ್ದಿಗೆ ಕಿವಿ ಅರ್ಧ ಹೋಗಿದೆ. ನಾವು ಕೂಗಿ ಮಾತಾಡಬೇಕು. ಆದರೆ ಬೆರಳಿಗೆ ಮಾತ್ರ ವಯಸ್ಸಾಗಿಲ್ಲ. ನಾನು ಉಟ್ಟಿದ್ದ ಸೀರೆಯ ಸೆರಗು ಹಿಡಿದು, ಉಜ್ಜಿ, ಬೆಳಕಿಗೆ ಒಡ್ಡಿ, “ಇಲ್ಲಿ ಹೊಕ್ಕಿನ ಎಳೆ ಒಂದು ಬಿಟ್ಟಿದೆ ನೋಡಮ್ಮ, ನಮ್ಮ ಮಿಲ್ಲಲ್ಲಿ ಇದನ್ನ ಹೊರಗೇ ಬಿಡ್ತಿರಲಿಲ್ಲ” ಅಂದರು. ಮಿಲ್ಲಿಗೆ ಬೀಗ ಬಿದ್ದು ಎಷ್ಟೋ ವರ್ಷವಾಗಿದೆ. ಇವರ ಬಾಯಲ್ಲಿ ಇನ್ನೂ ‘ನಮ್ಮ ಮಿಲ್ಲು’!

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಯಾಕೆ ಅಂತ ನಿಮಗೆ ಹೇಳಬೇಕು. ನಾಲ್ಕು ವರ್ಷದಿಂದ ನಾನು ಮನೆ ಹಿತ್ತಲ ಶೆಡ್ಡಿನಲ್ಲಿ ಕೊಬ್ಬರಿ ಚಟ್ನಿಪುಡಿ, ಸಾರಿನಪುಡಿ ಮಾಡಿಸಿ ಮಾರುತ್ತೇನೆ. ಮೂವರು ಹೆಂಗಸರು ದಿನಗೂಲಿಗೆ ಬರುತ್ತಾರೆ. ಮೂವರೂ ಒಳ್ಳೆಯವರೇ. ಆದರೂ ನಾನು ಎರಡು ದಿನ ಊರಲ್ಲಿಲ್ಲ ಅಂದರೆ ಪುಡಿಯ ಬಣ್ಣವೇ ಬೇರೆ. ಮೊನ್ನೆ ಮೆಣಸಿನಕಾಯಿ ಕರಿಕಾಗಿತ್ತು. ಅಂಗಡಿಯವರು ಹನ್ನೆರಡು ಪ್ಯಾಕೆಟ್ ವಾಪಸು ಕಳಿಸಿದರು. ಮೂವರಲ್ಲಿ ಹಿರಿಯಾಕೆಗೆ ಬಾಣಲೆಯ ಹೊಗೆಯಲ್ಲೇ ಗೊತ್ತಾಗಿತ್ತಂತೆ. “ಗೊತ್ತಿದ್ದೂ ಯಾಕೆ ಹೇಳಲಿಲ್ಲ?” ಅಂದರೆ, “ನಿಮ್ಮ ವ್ಯಾಪಾರ ಅಕ್ಕ, ನಾನ್ಯಾಕೆ ಬಾಯಿ ಹಾಕ್ಲಿ” ಅಂದಳು. ಆಕೆಯ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅದೂ ಅಲ್ಲದೆ ಕಿರಿಯವಳು ಗಾರ್ಮೆಂಟ್ಸಿಗೆ ಹೋಗುವ ಮಾತು ಆಡುತ್ತಿದ್ದಳು. ಕೈ ಪಳಗಿದವರು ಬಿಟ್ಟು ಹೋದರೆ ನನ್ನ ಒಲೆ ಆರಿದ ಹಾಗೇ.

ಅದಕ್ಕೇ ದೊಡ್ಡಪ್ಪನನ್ನು ಕೇಳಿದೆ: ಕೂಲಿ ಕೊಡುವವನದ್ದು ಮಿಲ್ಲು, ನಿಮಗೆ ಅದು ‘ನಮ್ಮದು’ ಹೇಗಾಯಿತು? ಅವರು ಯೋಚನೆ ಮಾಡಿ ಎರಡು ಸಂಗತಿ ಹೇಳಿದರು. ನೇಯ್ದ ಥಾನಿನ ಕೊನೆಯಲ್ಲಿ ನೇಯ್ದವನ ನಂಬರು ಬೀಳುತ್ತಿತ್ತಂತೆ. ಚೆನ್ನಾಗಿ ಬಂದರೂ ಅವನದೇ, ಕೆಟ್ಟರೂ ಅವನದೇ. ಎರಡನೆಯದು, ಅವರ ಮೇಸ್ತ್ರಿ. ಮಗ್ಗ ಕೆಟ್ಟರೆ ಫಿಟ್ಟರನ್ನು ಕರೆಸುವ ಮುಂಚೆ ಅದರ ಮುಂದೆ ನಿಲ್ಲುವವನನ್ನೇ ಕೇಳುತ್ತಿದ್ದನಂತೆ, “ಏನಾಗಿದೆ ಅಂತೀಯ?” ಅಂತ. “ಕೇಳಿದ ದಿನ ಸಂಬಳ ಜಾಸ್ತಿ ಬರ್ತಿರಲಿಲ್ಲ ಕಣಮ್ಮ. ಆದ್ರೂ ಊಟ ಸೇರ್ತಿತ್ತು.”

ಇಷ್ಟಕ್ಕೇ ನಾನು ಖುಷಿಯಾಗಿ, ಊರಿಗೆ ಹೋಗಿ ಹೀಗೇ ಮಾಡಿದರಾಯಿತು ಅಂದುಕೊಳ್ಳುವಷ್ಟರಲ್ಲಿ, ಒಳಗಿನಿಂದ ಕಾಫಿ ತಂದ ದೊಡ್ಡಮ್ಮ ಲೋಟ ಇಟ್ಟು ಹೇಳಿದರು: “ನಮ್ಮದು ಅನ್ನಿಸೋದೇ ಬೇರೆ, ನಮ್ಮದಾಗಿರೋದೇ ಬೇರೆ. ಬೀಗ ಹಾಕೋ ದಿವಸ ಇವರನ್ನ ಯಾರು ಕೇಳಿದ್ರು?” ದೊಡ್ಡಪ್ಪನಿಗೆ ಕಿವಿ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಾದರೋ. ಕಾಫಿ ಕುಡಿದರು.

ದೊಡ್ಡಮ್ಮನ ಮೊಮ್ಮಗಳು ಲಾ ಓದುತ್ತಿದ್ದಾಳೆ. ಅವಳು ಸಂಜೆ ನನ್ನನ್ನು ಗೋಪಾಲಪುರದ ಕಡೆಗೆ ಕರೆದುಕೊಂಡು ಹೋಗಿ ಮಿನರ್ವ ಮಿಲ್ಲಿನ ಜಾಗ ತೋರಿಸಿದಳು. ಅದೂ ಬಟ್ಟೆ ಗಿರಣಿ, ಅದೂ ನಿಂತುಹೋಗಿದೆ. ಆದರೆ ಲಾ ಓದುವ ಮಕ್ಕಳಿಗೆಲ್ಲ ದೇಶದಾದ್ಯಂತ ಅದರ ಹೆಸರು ಬಾಯಿಪಾಠವಂತೆ! ಸೊರಗಿದ್ದ ಆ ಮಿಲ್ಲಿನ ಆಡಳಿತವನ್ನು 1971ರಲ್ಲಿ ಸರ್ಕಾರ ವಹಿಸಿಕೊಂಡಿತು. 1974ರ ಕಾನೂನಿನಿಂದ ಅದು ರಾಷ್ಟ್ರೀಕರಣವಾಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1980ರಲ್ಲಿ ಬಂದ ತೀರ್ಪು ಸಂವಿಧಾನದ ಬುನಾದಿಯನ್ನು ಪಾರ್ಲಿಮೆಂಟೂ ಕೆಡವಕೂಡದು ಅಂತ ಗಟ್ಟಿಮಾಡಿತು. 1976ರ 42ನೇ ತಿದ್ದುಪಡಿಯ ಕೆಲವು ಭಾಗಗಳನ್ನು ಅಲ್ಲೇ ರದ್ದು ಮಾಡಿದರಂತೆ. ಅದೇ ತಿದ್ದುಪಡಿಯಲ್ಲಿ ಬಂದು ಇವತ್ತಿಗೂ ಉಳಿದಿರುವುದು 43ಎ ವಿಧಿ. ಉದ್ದಿಮೆಯ ಆಡಳಿತದಲ್ಲಿ ಕೆಲಸಗಾರರೂ ಪಾಲುಗೊಳ್ಳುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಅಂತ ಅದರಲ್ಲಿದೆ. “ಹಾಗಾದರೆ ದೊಡ್ಡಪ್ಪನನ್ನು ಕೇಳಬೇಕಿತ್ತಲ್ಲೇ?” ಅಂದೆ. “ಅದು ನಿರ್ದೇಶಕ ತತ್ವ ಚಿಕ್ಕಮ್ಮ, ಕೋರ್ಟಿಗೆ ಹೋಗಿ ಜಾರಿ ಮಾಡಿಸೋಕೆ ಬರಲ್ಲ” ಅಂದಳು ಹುಡುಗಿ. ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು.

ಹಾಗಂತ ಎಲ್ಲೂ ಆಗಿಲ್ಲ ಅನ್ನಬೇಡಿ. ಇದೇ ಬೆಂಗಳೂರಿನಲ್ಲಿ ಆಗಿದೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚುತ್ತಾ ಬಂದು ಕೆಲಸಗಾರರನ್ನು ಮನೆಗೆ ಕಳಿಸಿದಾಗ, ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಆ ಕೆಲಸಗಾರರೇ ಸಹಕಾರ ಸಂಘ ಕಟ್ಟಿದರು. ಮೊಟ್ಟಮೊದಲ ಸಂಘ ಬೆಂಗಳೂರಿನದೇ, 1957ರ ಆಗಸ್ಟಿನಲ್ಲಿ. ಎಂ.ಜಿ. ರಸ್ತೆಯಲ್ಲಿ 2009ರವರೆಗೂ ಇದ್ದ ಇಂಡಿಯನ್ ಕಾಫಿ ಹೌಸಿನಲ್ಲಿ ಪೇಟ ಸುತ್ತಿ ದೋಸೆ ತಂದಿಡುತ್ತಿದ್ದವರು ಅದಕ್ಕೆ ಪಾಲುದಾರರು ಕೂಡ. ನಾನು ಮದುವೆಯಾದ ಹೊಸದರಲ್ಲಿ ಯಜಮಾನರ ಜತೆ ಹೋಗಿದ್ದೆ. ಆಗ ಇದು ಗೊತ್ತಿದ್ದಿದ್ದರೆ ಆ ಪೇಟವನ್ನು ಬೇರೆ ಕಣ್ಣಲ್ಲಿ ನೋಡುತ್ತಿದ್ದೆ.

ನಮ್ಮಂಥವರಿಗೆ ಇನ್ನೂ ಹತ್ತಿರದ್ದು ಲಿಜ್ಜತ್ ಹಪ್ಪಳ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನ ಒಂದು ತಾರಸಿ ಮೇಲೆ ಏಳು ಮಂದಿ ಹೆಂಗಸರು, ಎಂಬತ್ತು ರೂಪಾಯಿ ಸಾಲ ತಂದು, ಹಪ್ಪಳ ಒತ್ತಲು ಕೂತರು. ಲಟ್ಟಿಸುವವಳೇ ಒಡತಿ. ಲಾಭ ಬಂದರೂ ಹಂಚಿಕೆ, ನಷ್ಟ ಬಂದರೂ ಹಂಚಿಕೆ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ತಿಪಟೂರಿಗೆ ಬಂದವಳೇ ಮೂವರನ್ನೂ ಕೂರಿಸಿಕೊಂಡು ಲೆಕ್ಕದ ಪುಸ್ತಕ ಬಿಚ್ಚಿದೆ. ಕೊಬ್ಬರಿಗೆ ಇಷ್ಟು, ಮೆಣಸಿನಕಾಯಿಗೆ ಇಷ್ಟು, ಪ್ಯಾಕೆಟ್ಟಿಗೆ ಇಷ್ಟು, ಉಳಿದದ್ದು ಇಷ್ಟು. “ಇಷ್ಟೇನಾ ಅಕ್ಕ ಉಳಿಯೋದು?” ಅಂದಳು ಕಿರಿಯವಳು. ಅವಳ ಲೆಕ್ಕದಲ್ಲಿ ನಾನು ಸಾಹುಕಾರಳಾಗಿದ್ದೆ! ಕೂಲಿ ಎಂದಿನಂತೆ ದಿನಾ ಕೊಡುವುದು. ಉಳಿದ ಲಾಭದಲ್ಲಿ ಆರು ಪಾಲು ಮಾಡಿ ಒಬ್ಬೊಬ್ಬರಿಗೆ ಒಂದು, ನನಗೆ ಮೂರು. ಶೆಡ್ಡು, ಮಿಷನ್ನು, ಸಾಲ ನನ್ನವಲ್ಲವೇ, ಅದಕ್ಕೆ ಮೂರು. ಹುರಿದವರ ಗುರುತು ಪ್ಯಾಕೆಟ್ ಮೇಲೆ ಹಾಕುವುದು. ಮೆಣಸಿನಕಾಯಿ ಆರಿಸುವ ಮಾತು ಹಿರಿಯಾಕೆಯದು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಯಜಮಾನರಿಗೆ ಪುಸ್ತಕ ಬಿಚ್ಚಿದ್ದು ಹಿಡಿಸಿಲ್ಲ. ಹಿಡಿಸದಿದ್ದರೂ ಕೂಡಿಸಿ ಕಳೆದು ಸರಿನೋಡಿ ಕೊಟ್ಟರು.

ಇಬ್ಬರು ಒಪ್ಪಿದರು. ನಡುವಿನಾಕೆ ಒಪ್ಪಲಿಲ್ಲ. “ನಷ್ಟ ಬಂದ್ರೆ ನಾನೆಲ್ಲಿಂದ ತರ್ಲಿ ಅಕ್ಕ? ನನಗೆ ಕೂಲಿನೇ ಸಾಕು” ಅಂದಳು. ಗಂಡ ಕುಡಿಯುವ ಮನೆ, ಎರಡು ಮಕ್ಕಳ ಸ್ಕೂಲ್ ಫೀಜು. ಅವಳು ಹೆದರಿದರೆ ಅದು ಬುದ್ಧಿವಂತಿಕೆಯೇ. ನಷ್ಟ ಒಂದು ವರ್ಷ ನನ್ನ ತಲೆಗೇ ಇರಲಿ ಅಂದೆ. ಯೋಚನೆ ಮಾಡುತ್ತೇನೆ ಅಂದಿದ್ದಾಳೆ. ಅವಳ ಪಾಲನ್ನು ಪುಸ್ತಕದಲ್ಲಿ ಬೇರೆ ಸಾಲಿನಲ್ಲಿ ಬರೆದಿಟ್ಟಿದ್ದೇನೆ. ಮೊದಲ ಲೆಕ್ಕ ದೀಪಾವಳಿಗೆ. ಕೊಬ್ಬರಿ ಧಾರಣೆ ನೋಡಿದರೆ ಆರು ಪಾಲಿಗೆ ಎಷ್ಟು ಉಳಿಯುತ್ತದೋ ಕಾಣೆ.