ಆಜ್ಞೆಯೂ ಅಭ್ಯಾಸವೂ

ದೊಡ್ಡ ಸೇನೆಯನ್ನು ಆಜ್ಞೆಯಿಂದ ನಡೆಸಬಹುದು. ಆಜ್ಞೆಯೊಂದರಿಂದಲೇ ಅದರ ಸ್ವಭಾವವನ್ನು ಬದಲಿಸಲಾಗದು. ಶಾಸನವು ಒಂದು ದಿನದಲ್ಲಿ ಹೊರಡುತ್ತದೆ. ಅದು ಸಾವಿರಾರು ಜನರ ರೂಢಿಯಾಗಲು ಒಂದು ತಲೆಮಾರು ಬೇಕು. ಅಷ್ಟರಲ್ಲಿ ಶಾಸನವನ್ನು ಬರೆಸಿದವನೇ ಕಣ್ಮರೆಯಾಗಿರುತ್ತಾನೆ. ಆಮೇಲೆ ಅವನ ಕಾರ್ಯವನ್ನು ಉಳಿಸತಕ್ಕದ್ದು ಯಾವುದು? ಪ್ರಷ್ಯ ದೇಶದ ಚರಿತ್ರೆಯಲ್ಲಿ ಇದಕ್ಕೆ ಉತ್ತರವುಂಟು.

ಮಹಾ ಫ್ರೆಡರಿಕನು 1786ರಲ್ಲಿ ಕಾಲವಾದನು. ಹಳೆಯ ಕೀರ್ತಿಯನ್ನೇ ನೆಚ್ಚಿಕೊಂಡಿದ್ದ ಅವನ ಸೇನೆಯು 1806ರ ಅಕ್ಟೋಬರ್ 14ರಂದು ಯೇನಾ ಮತ್ತು ಔಯರ್‌ಷ್ಟೆಟ್ ರಣರಂಗಗಳಲ್ಲಿ ನೆಪೋಲಿಯನ್ನನ ಪಡೆಗಳಿಗೆ ಸೋತು ಚದುರಿಹೋಯಿತು. ಮರುವರ್ಷ ಸೇನೆಯ ಪುನಾರಚನೆಗೆಂದು ಮಂಡಲಿಯೊಂದು ಏರ್ಪಟ್ಟಿತು. ಅದರ ಅಧ್ಯಕ್ಷನಾದ ಷಾರ್ನ್‌ಹಾರ್ಸ್ಟನು ಹುಟ್ಟಿನಿಂದ ಶ್ರೀಮಂತ ಕುಲದವನಲ್ಲ. ಶಾಂತಿಕಾಲದಲ್ಲಿ ವಿದ್ಯೆ, ಯುದ್ಧಕಾಲದಲ್ಲಿ ಶೌರ್ಯ ಮತ್ತು ವಿವೇಕ, ಇವೇ ಅಧಿಕಾರಿಪದವಿಗೆ ಅರ್ಹತೆ, ಕುಲವಲ್ಲ ಎಂದು 1808ರ ಆಗಸ್ಟ್ 6ರ ರಾಜಶಾಸನವು ಸಾರಿತು.

1810ರಲ್ಲಿ ಬರ್ಲಿನ್ನಿನಲ್ಲಿ ಯುದ್ಧವಿದ್ಯಾಶಾಲೆಯೊಂದು ತೆರೆಯಿತು. ಷಾರ್ನ್‌ಹಾರ್ಸ್ಟನು 1813ರಲ್ಲಿ ಯುದ್ಧದ ಗಾಯದಿಂದ ಮಡಿದನು. ಅವನ ಸಹಕಾರಿಯಾದ ಬೋಯೆನ್ ಮಂತ್ರಿಯು 1819ರಲ್ಲಿ ಪದವಿಯನ್ನು ಬಿಟ್ಟನು. ಶ್ರೀಮಂತ ಕುಲಗಳು ಮತ್ತೆ ಪ್ರಬಲಿಸಿದುವು; ಶಾಸನದ ಹುರುಪು ಕುಂದಿತು. ಶಾಲೆ ಮಾತ್ರ ಉಳಿಯಿತು. ಷಾರ್ನ್‌ಹಾರ್ಸ್ಟನ ಶಿಷ್ಯ ಕ್ಲಾಸೆವಿಟ್ಸನು 1818ರಿಂದ 1830ರವರೆಗೆ ಅದರ ಆಡಳಿತವನ್ನು ನೋಡಿಕೊಂಡನು. ಪಾಠ ಹೇಳುವ ಹೊಣೆ ಅವನಿಗಿರಲಿಲ್ಲ. ಆ ಕಾಲದಲ್ಲಿಯೇ, 1823ರಲ್ಲಿ, ಮೋಲ್ಟ್ಕೆ ಎಂಬ ತರುಣನು ವಿದ್ಯಾರ್ಥಿಯಾಗಿ ಸೇರಿದನು. 1857ರಲ್ಲಿ ಅವನು ಸೇನೆಯ ಯೋಜನಾಮಂಡಲಿಗೆ ಮುಖ್ಯಸ್ಥನಾದನು. ಮೂವತ್ತು ವರ್ಷಕ್ಕೂ ಮಿಕ್ಕಿ ಅಲ್ಲಿದ್ದನು.

ಗ್ರಂಥವು ನಷ್ಟವಾದರೂ ಕಂಠಸ್ಥವಾದ ಪಾಠ ಉಳಿಯುವಂತೆ, ಅಲ್ಲಿ ಸುಧಾರಣೆಯು ದಿನದ ಅಭ್ಯಾಸದಲ್ಲಿ ಉಳಿದಿತ್ತು. ಅಧಿಕಾರಿಗಳು ನಕ್ಷೆಯ ಮೇಲೆ ಕೃತಕ ಯುದ್ಧವನ್ನಾಡುವರು. ಕುದುರೆಯೇರಿ ಹೊಲಗಾಡುಗಳನ್ನು ಸುತ್ತಿ, ಇಲ್ಲಿ ಶತ್ರು ಬಂದರೆ ಏನು ಮಾಡತಕ್ಕದ್ದೆಂಬ ಪ್ರಶ್ನೆಗೆ ಉತ್ತರ ಬರೆಯುವರು. ಯೋಜನಾಮಂಡಲಿಯಲ್ಲಿದ್ದವರನ್ನು ಆಗಾಗ ಪಡೆಗಳಿಗೆ ಹಿಂದಕ್ಕೆ ಕಳುಹುತ್ತಿದ್ದುದರಿಂದ ಹೊಸ ವಿದ್ಯೆ ಸೇನೆಯೆಲ್ಲಕ್ಕೂ ಹರಡಿತು. 1866ರಲ್ಲಿ ಆಸ್ಟ್ರಿಯದ ಮೇಲೂ 1870ರಲ್ಲಿ ಫ್ರಾನ್ಸಿನ ಮೇಲೂ ದೊರೆತ ಜಯಗಳಿಗೆ ಇದು ಬಹುಮಟ್ಟಿಗೆ ಕಾರಣ.

ಆದರೆ ಪರಂಪರೆಯು ವಿದ್ಯೆಯನ್ನು ಕಾಯುವಂತೆ ಕುರುಡನ್ನೂ ಕಾಯಬಲ್ಲದು. ಯುದ್ಧವನ್ನು ಗೆಲ್ಲುವುದು ಹೇಗೆಂಬುದನ್ನು ಚೆನ್ನಾಗಿ ಕಲಿತವರು, ಅದನ್ನು ಹೂಡುವುದು ಯುಕ್ತವೇ ಎಂಬುದನ್ನು ಅಷ್ಟು ಕೇಳಲಿಲ್ಲ. 1914ರಲ್ಲಿ ಬೆಲ್ಜಿಯಮ್ ದೇಶದ ಮೂಲಕ ನುಗ್ಗುವ ಯೋಜನೆಯನ್ನು ಸಿದ್ಧಪಡಿಸಿದ್ದುದು ಅದೇ ಯೋಜನಾಮಂಡಲಿ. ಆ ನುಗ್ಗುವಿಕೆಯಿಂದಲೇ ಬ್ರಿಟನ್ನೂ ಶತ್ರುವಾಗಿ ಎದುರು ನಿಂತಿತು. ಸುಧಾರಣೆಯನ್ನು ಬಾಳಿಸುವುದಕ್ಕೆ ಶಾಲೆ ಬೇಕು. ಆ ಶಾಲೆಯು ಬಾಳುವುದಕ್ಕೆ ತನ್ನ ಪಾಠವನ್ನು ತಾನೇ ಪ್ರಶ್ನಿಸುವ ಧೈರ್ಯವೂ ಬೇಕು.